ಗಾಂಜಾ ಶಿಕ್ಷೆ ಮತ್ತು ಮೇಲ್ಮನವಿಯ ದೂರ

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೊಲದ ನಡುವೆ ಬೆಳೆದಿದ್ದ ಗಾಂಜಾ ಗಿಡಗಳ ಪತ್ತೆ, ಇಷ್ಟು ಕಿಲೋ ಜಪ್ತಿ, ಒಬ್ಬನ ಬಂಧನ. ಜೊತೆಗೊಂದು ಛಾಯಾಚಿತ್ರ: ಮುಂದೆ ಹಸಿರು ಗಿಡಗಳ ರಾಶಿ, ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು, ಪಕ್ಕದಲ್ಲಿ ತಲೆ ತಗ್ಗಿಸಿದ ಒಬ್ಬ ಮನುಷ್ಯ. ಎರಡು ಮೂರು ವರ್ಷಗಳ ನಂತರ ಶಿಕ್ಷೆಯಾದರೆ ಇನ್ನೊಂದು ನಾಲ್ಕು ಸಾಲಿನ ಸುದ್ದಿ ಬಂದೀತು. ಆ ಬಳಿಕ ಆತ ಮೇಲ್ಮನವಿ ಸಲ್ಲಿಸಿದನೇ, ಅದು ಯಾವಾಗ ವಿಚಾರಣೆಗೆ ಬಂತು, ಏನಾಯಿತು ಎಂಬುದು ಯಾವ ಪುಟದಲ್ಲಿಯೂ ಅಚ್ಚಾಗುವುದಿಲ್ಲ. ಮಾದಕವಸ್ತು ಪ್ರಕರಣವೊಂದರ ಗಟ್ಟಿ ಪರೀಕ್ಷೆ ಬಹುಮಟ್ಟಿಗೆ ನಡೆಯುವುದು ಅಲ್ಲಿಯೇ.

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ ಚಿಗಟೇರಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಅಪರಾಧ ಹೆಚ್ಚೆಂಬ ಕಾರಣಕ್ಕಲ್ಲ. ನಾರದಮುನಿಯ ದೇವಸ್ಥಾನದಿಂದಾಗಿ ಸುತ್ತಲಿನ ಜನರಿಗೆ, ದಾವಣಗೆರೆಯ ಜಿಲ್ಲಾ ಆಸ್ಪತ್ರೆಯ ಹೆಸರಿನಿಂದಾಗಿ ಮಧ್ಯ ಕರ್ನಾಟಕಕ್ಕೆಲ್ಲ ಪರಿಚಿತವಾದ ಊರು ಅದು. ಮಳೆಯನ್ನು ನಂಬಿದ ಹೊಲಗಳ ಈ ಸೀಮೆಯಿಂದ ಹೊರಟರೆ ನ್ಯಾಯದ ದೂರವನ್ನು ಅಳೆಯುವುದು ಸುಲಭ. 1953ರವರೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅತ್ತ ಹೋಯಿತು. ಎರಡು ದಶಕಗಳ ಬಳಿಕ, 371ಜೆ ವಿಧಿಯ ಸೌಲಭ್ಯದ ಬೇಡಿಕೆಯ ಹಿನ್ನೆಲೆಯಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಆಡಳಿತದಲ್ಲಿದ್ದವರಿಗೆ ಇವು ಕಡತ ವರ್ಗಾವಣೆಯ ತಾರೀಖುಗಳು. ಶಿಕ್ಷೆಗೊಳಗಾದವನ ಮನೆಯವರಿಗೆ ಹಾಗಲ್ಲ. ಬಳ್ಳಾರಿ ಸೀಮೆಯ ಮೇಲ್ಮನವಿಗಳು ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. ದಾವಣಗೆರೆ ಜಿಲ್ಲೆಯವು ಹೋಗುವುದು ಸುಮಾರು ಮುನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೆ. ಶಿಕ್ಷೆ ವಿಧಿಸಿದ ನ್ಯಾಯಾಲಯ ಯಾವ ಜಿಲ್ಲೆಯದೆಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಆದ ಧಾರವಾಡ ಪೀಠವು ಉತ್ತರದ ಜಿಲ್ಲೆಗಳ ಬಡ ಕಕ್ಷಿದಾರರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಊರಿನಿಂದ ಪೀಠಕ್ಕಿರುವ ದೂರವನ್ನು ಕಿಲೋಮೀಟರುಗಳಲ್ಲಿ ಮಾತ್ರ ಅಳೆದರೆ ಸಾಲದು.

ಕಾನೂನಿನ ಬಿಗಿಯನ್ನು ಮೊದಲು ಗಮನಿಸಬೇಕು. 1930ರ ಅಪಾಯಕಾರಿ ಔಷಧಗಳ ಕಾಯಿದೆಯ ಕಾಲದಲ್ಲಿ ಮೊದಲ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. ಕನಿಷ್ಠ ಶಿಕ್ಷೆ ಎಂಬುದೇ ಇರಲಿಲ್ಲ. ಗಾಂಜಾ ಅಬಕಾರಿ ಪರವಾನಗಿಯ ಮೇಲೆ ಮಾರಾಟವಾಗುತ್ತಿದ್ದ ಕಾಲವೂ ಒಂದಿತ್ತು. 1893–94ರ ಭಾರತೀಯ ಸೆಣಬಿನ ಮಾದಕಗಳ ಆಯೋಗ ಸಂಪೂರ್ಣ ನಿಷೇಧಕ್ಕಿಂತ ನಿಯಂತ್ರಣವೇ ಲೇಸೆಂದು ಅಭಿಪ್ರಾಯಪಟ್ಟಿತ್ತು. 1985ರ ನವೆಂಬರ್ 14ರಂದು ಮಾದಕವಸ್ತು ಮತ್ತು ಅಮಲು ಪದಾರ್ಥಗಳ ಕಾಯಿದೆ ಜಾರಿಗೆ ಬಂದಾಗಲೂ ಗಾಂಜಾಕ್ಕೆ ಗರಿಷ್ಠ ಐದು ವರ್ಷವೇ ಇತ್ತು. 2001ರ ತಿದ್ದುಪಡಿ ಬಂತು. ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಹಂಚುವುದು ಅದರ ಉದ್ದೇಶ. ಸಣ್ಣ ವ್ಯಸನಿಗಳಿಗೆ ಅದರಿಂದ ಅನುಕೂಲವೂ ಆಯಿತು. ಗಾಂಜಾದ ಮಟ್ಟಿಗೆ ಮಾತ್ರ ಆದದ್ದೇ ಬೇರೆ. 1 ಕಿಲೋವರೆಗೆ ಅಲ್ಪ ಪ್ರಮಾಣ, ಶಿಕ್ಷೆ ಈಗ ಒಂದು ವರ್ಷದವರೆಗೆ. ಅದಕ್ಕೂ 20 ಕಿಲೋಗೂ ನಡುವೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ ಗೊತ್ತುಪಡಿಸಿದ 20 ಕಿಲೋ ಮೀರಿದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು. ದಂಡ ಕನಿಷ್ಠ ಒಂದು ಲಕ್ಷ ರೂಪಾಯಿ. ಕನಿಷ್ಠಕ್ಕಿಂತ ಕೆಳಗಿಳಿಯುವ ವಿವೇಚನೆ ನ್ಯಾಯಾಧೀಶರಿಗೆ ಇಲ್ಲ.

ಹೀಗಾಗಿ ಎಲ್ಲವೂ ತಕ್ಕಡಿಯ ಮೇಲೆ ನಿಂತಿದೆ. ಕಾಯಿದೆಯ ವ್ಯಾಖ್ಯೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯೊಡನೆ ಕೂಡಿರದ ಬೀಜ ಮತ್ತು ಎಲೆ ಗಾಂಜಾ ಅಲ್ಲ. ಆದರೆ ಹೊಲದಲ್ಲಿ ನಡೆಯುವುದೇನು? ಗಿಡವನ್ನು ಬುಡಸಮೇತ ಕಿತ್ತು, ಬೇರು, ಕಾಂಡ, ಹಸಿ ಎಲೆ ಎಲ್ಲವನ್ನೂ ಕಟ್ಟಿ ತೂಗಿ ಮಹಜರಿನಲ್ಲಿ ಬರೆಯುವುದು ರೂಢಿ. ಕಿತ್ತ ದಿನ ಇಪ್ಪತ್ತೆರಡು ಕಿಲೋ ತೂಗಿದ ಹಸಿ ಹೊರೆಯಿಂದ ಕಾಂಡ, ಬೇರು ಕಳೆದು ತುದಿಗಳನ್ನಷ್ಟೇ ಒಣಗಿಸಿದರೆ ಎಷ್ಟು ಉಳಿದೀತೆಂದು ಹೊಗೆಸೊಪ್ಪನ್ನೋ ಮೆಣಸಿನಕಾಯಿಯನ್ನೋ ಒಣಗಿಸಿ ಮಾರಿದ ಯಾವ ರೈತನೂ ಹೇಳಬಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಗಿಡ ಬೆಳೆಸುವುದು ಒಂದು ಅಪರಾಧ. ಅದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆಯುಂಟು, ಆದರೆ ಕನಿಷ್ಠ ಮಿತಿಯಿಲ್ಲ. ಗಾಂಜಾ ಇಟ್ಟುಕೊಳ್ಳುವುದು ಬೇರೆ ಅಪರಾಧ. ಅಲ್ಲಿ ತೂಕವೇ ಪ್ರಧಾನ. ಅದೇ ಹೊರೆಯನ್ನು ಬೆಳೆ ಎಂದು ಕರೆದರೆ ಒಂದು ಹಣೆಬರಹ, ದಾಸ್ತಾನು ಎಂದು ಕರೆದರೆ ಮತ್ತೊಂದು. ಬೇರು ಕಾಂಡಗಳ ಸಹಿತ ತೂಗಿದ ಲೆಕ್ಕವನ್ನು ವಾಣಿಜ್ಯ ಪ್ರಮಾಣಕ್ಕೆ ಹಿಡಿಯಬಹುದೇ ಎಂಬ ಸಂಶಯವನ್ನು ಹಲವು ಹೈಕೋರ್ಟುಗಳು ಜಾಮೀನು ಅರ್ಜಿಗಳಲ್ಲಿ ವ್ಯಕ್ತಪಡಿಸಿವೆ. ವಿಚಾರಣೆಯ ಹಂತದಲ್ಲಿ ಈ ಪ್ರಶ್ನೆಯನ್ನು ಎತ್ತದ ವಕೀಲರೂ ಇದ್ದಾರೆ. ಆಗ ಅದು ಮೇಲ್ಮನವಿಯಲ್ಲಿ ಎತ್ತಬೇಕಾದ ಪ್ರಶ್ನೆ.

ಹೊಲ ಯಾರದು ಎಂಬುದು ಇದಕ್ಕಿಂತ ಜಟಿಲವಾದ ವಿಷಯ. ಕಂದಾಯ ಆಡಳಿತದಲ್ಲಿ ದುಡಿದವನಾಗಿ ಇಲ್ಲಿ ತುಸು ನಿಲ್ಲುತ್ತೇನೆ. ಪಹಣಿಯ 9ನೇ ಅಂಕಣದಲ್ಲಿ ಮಾಲೀಕನ ಹೆಸರು, 12ನೇ ಅಂಕಣದಲ್ಲಿ ಸಾಗುವಳಿದಾರ ಮತ್ತು ಬೆಳೆಯ ವಿವರ. ಕಾಗದದ ಮೇಲೆ ಸರಳ. ವಾಸ್ತವದಲ್ಲಿ 9ನೇ ಅಂಕಣದಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರಿರುತ್ತದೆ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ ಮುಗಿದಿರುತ್ತದೆ. 1974ರ ಭೂಸುಧಾರಣೆಯ ನಂತರ ಗೇಣಿ ನಿಷಿದ್ಧವಾದ್ದರಿಂದ ಹೊಲವನ್ನು ಗುತ್ತಿಗೆಗೋ ಪಾಲಿಗೋ ಕೊಟ್ಟರೂ ಯಾರೂ ಬರೆದಿಡುವುದಿಲ್ಲ. 12ನೇ ಅಂಕಣ ಮಾಲೀಕನ ಹೆಸರನ್ನೇ ಪುನರುಚ್ಚರಿಸುತ್ತದೆ. ಊರು ಬಿಟ್ಟು ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದವನ ಹೊಲದಲ್ಲಿ ಮತ್ತೊಬ್ಬ ಬಿತ್ತಿದ ಗಿಡಕ್ಕೆ ಪಹಣಿಯ ಹೆಸರಿನವನೇ ಮೊದಲ ಆರೋಪಿ. ಕಾಯಿದೆಯ 35 ಮತ್ತು 54ನೇ ಕಲಂಗಳು ವಸ್ತು ಯಾರ ವಶದಲ್ಲಿ ಸಿಕ್ಕಿತೋ ಅವನೇ ತಿಳಿದು ಇಟ್ಟುಕೊಂಡಿದ್ದನೆಂದು ಊಹಿಸಲು ಅನುಮತಿ ನೀಡುತ್ತವೆ. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು.

ಈ ಊಹೆಗೆ ಮಿತಿ ಇದೆಯೆಂಬುದು ಸ್ಪಷ್ಟವಾದದ್ದು ಮೇಲ್ಮನವಿಗಳಲ್ಲಿ. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಗಿಡಗಳನ್ನು ಆರೋಪಿಯೇ ಬೆಳೆದನೆಂಬುದಕ್ಕೆ ಪುರಾವೆ ಸಾಲದು, ಬೀಜ ಬಿದ್ದು ತಾನಾಗಿ ಮೊಳೆತಿರಲೂಬಹುದು ಎಂದು 2004ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಪಡಿಸಿತು. ಮಧ್ಯಪ್ರದೇಶದ ಇನ್ನೊಂದು ಪ್ರಕರಣ ಇನ್ನೂ ಬೋಧಪ್ರದ. ಮನೆಯೊಂದರಲ್ಲಿ 48 ಕಿಲೋ ಗಾಂಜಾ ಸಿಕ್ಕಿತು. ಮನೆ ಯಾರದೆಂಬುದಕ್ಕೆ ಪೊಲೀಸರು ನಂಬಿದ್ದು 2008ರ ಮತದಾರರ ಪಟ್ಟಿಯನ್ನು. ಮನೆಯನ್ನು ಮೊದಲೇ ಮಾರಿದ್ದೇನೆಂದು ಆ ಮನುಷ್ಯ ಕರಾರುಪತ್ರ ತೋರಿಸಿದ್ದ. ಪಂಚಾಯಿತಿ ದಾಖಲೆಯನ್ನು ತೆರೆದು ನೋಡುವ ಕಷ್ಟವನ್ನು ತನಿಖೆ ತೆಗೆದುಕೊಳ್ಳಲಿಲ್ಲ. ವಿಚಾರಣಾ ನ್ಯಾಯಾಲಯ ಹತ್ತು ವರ್ಷ ವಿಧಿಸಿತು, ಹೈಕೋರ್ಟು ಎತ್ತಿಹಿಡಿಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆತನನ್ನು ಖುಲಾಸೆಗೊಳಿಸಿತು. ಕಾಯಿದೆಯ ಊಹೆ ಇದ್ದ ಮಾತ್ರಕ್ಕೆ ಅಭಿಯೋಜನೆ ತನ್ನ ಮೂಲ ಹೊಣೆಯಿಂದ ಮುಕ್ತವಾಗದು ಎಂಬುದು ಅದರ ಸಾರ. ಒಬ್ಬ ಗ್ರಾಮ ಲೆಕ್ಕಾಧಿಕಾರಿ ಅರ್ಧ ದಿನದಲ್ಲಿ ಇತ್ಯರ್ಥಪಡಿಸಬಹುದಾದ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಇನ್ನು ಶೋಧನೆಯ ವಿಧಾನ. ಆರೋಪಿಯ ಮೈ ಶೋಧಿಸುವ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ತಿಳಿಸಬೇಕೆನ್ನುತ್ತದೆ 50ನೇ ಕಲಂ. 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿಯೂ 2010ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿಯೂ ಸಂವಿಧಾನ ಪೀಠಗಳು ಇದನ್ನು ಕಡ್ಡಾಯವೆಂದು ಸಾರಿವೆ. ಕೈಚೀಲ, ಮೂಟೆ, ವಾಹನದ ಶೋಧನೆಗೆ ಇದು ಅನ್ವಯಿಸದೆಂಬುದೂ ಇತ್ಯರ್ಥವಾಗಿದೆ. ಕಂದಾಯ ಇಲಾಖೆಯವರಿಗೆ ಈ ಕಲಂ ಪರಿಚಿತ; ಠಾಣೆಯಿಂದ ತಹಶೀಲ್ದಾರರಿಗೆ ಅಪರಾತ್ರಿಯಲ್ಲಿ ಕರೆ ಬರುವುದು ಇದರ ದೆಸೆಯಿಂದಲೇ. ಕರೆದಲ್ಲಿಗೆ ಹೋಗಿ, ಆ ಮನುಷ್ಯನಿಗೆ ತಿಳಿಯುವ ಕನ್ನಡದಲ್ಲಿ ಆತನ ಹಕ್ಕನ್ನು ಹೇಳಿ, ಕಣ್ಣೆದುರು ಶೋಧನೆ ನಡೆಸಿ, ಕಂಡದ್ದಕ್ಕೆ ಮಾತ್ರ ಸಹಿ ಹಾಕಿದ ಅಧಿಕಾರಿಗಳು ನಮ್ಮಲ್ಲಿ ಅನೇಕರಿದ್ದಾರೆ. ಮೊದಲೇ ಬರೆದಿಟ್ಟ ಕಾಗದಕ್ಕೆ ಮರುದಿನ ಕಚೇರಿಯಲ್ಲಿ ಸಹಿ ಹಾಕಿದವರೂ ಇದ್ದಾರೆ. ಎರಡನೆಯ ಬಗೆಯ ಸಹಿ ಪಾಟೀಸವಾಲಿನಲ್ಲಿ ನಿಲ್ಲದು. ಅಲ್ಲಿ ಬೀಳುವುದು ಅಧಿಕಾರಿಯ ಮಾನವಷ್ಟೇ ಅಲ್ಲ, ನಿಜವಾದ ಅಪರಾಧಿಯ ಮೇಲಿನ ಪ್ರಕರಣ ಕೂಡ.

ಜಪ್ತಿಯ ನಂತರದ ಪಯಣ ಇಷ್ಟೇ ಮುಖ್ಯ. 1989ರ ಸ್ಥಾಯಿ ಆದೇಶದ ಕಾಲದಿಂದ ಗಾಂಜಾಕ್ಕೆ ತಲಾ 24 ಗ್ರಾಮಿನ ಎರಡು ಮಾದರಿ ತೆಗೆಯುವುದು ಪದ್ಧತಿ. ಹೊಲದಲ್ಲಿಯೇ ಮಾದರಿ ತೆಗೆದು ಮೊಹರು ಹಾಕಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಕಾಯಿದೆಯ 52ಎ ಕಲಂ ಹೇಳುವುದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದು, ಮಾದರಿ ತೆಗೆಯಬೇಕೆಂದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿತು. 2023ರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆಯದ ಕಾರಣಕ್ಕೆ ಶಿಕ್ಷೆಗಳು ರದ್ದಾದವು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಈ ಲೋಪವೊಂದರಿಂದಲೇ ಪ್ರಕರಣ ಬಿದ್ದುಹೋಗದು, ಉಳಿದ ಸಾಕ್ಷ್ಯವನ್ನೂ ನೋಡಬೇಕು ಎಂದಿತು. ಅರ್ಥಾತ್, ಒಂದೇ ಬಗೆಯ ಲೋಪಕ್ಕೆ ಫಲ ಒಂದೇ ಅಲ್ಲ. ಮೇಲ್ಮನವಿ ಯಾವ ವರ್ಷ ವಿಚಾರಣೆಗೆ ಬಂತೆಂಬುದೂ ಲೆಕ್ಕಕ್ಕೆ ಬರುತ್ತದೆ.

ಇದಕ್ಕಿಂತ ಕಟುವಾದ ಉದಾಹರಣೆ 67ನೇ ಕಲಮಿನದು. ಅಬಕಾರಿ, ಸುಂಕ ಅಥವಾ ಮಾದಕವಸ್ತು ನಿಯಂತ್ರಣ ಅಧಿಕಾರಿಗಳ ಮುಂದೆ ಆರೋಪಿ ಕೊಟ್ಟನೆನ್ನಲಾದ ಹೇಳಿಕೆಯನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಿ ಶಿಕ್ಷೆ ವಿಧಿಸುವುದು ದಶಕಗಳ ಕಾಲ ನಡೆಯಿತು. 2020ರ ಅಕ್ಟೋಬರ್ 29ರ ತೂಫಾನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಅದು ಸಲ್ಲದೆಂದಿತು. ಅಂದು ಮೇಲ್ಮನವಿ ಬಾಕಿಯಿದ್ದವರಿಗೆ ಲಾಭವಾಯಿತು. ಮೇಲ್ಮನವಿಯನ್ನೇ ಸಲ್ಲಿಸದೆ ಹತ್ತು ವರ್ಷ ಮುಗಿಸಿ ಹೊರಬಂದವರಿಗೆ ಏನೂ ಆಗಲಿಲ್ಲ.

ವಿದ್ಯಾವಂತ ವಲಯದಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ತಾಂತ್ರಿಕ ಕಾರಣಕ್ಕೆ ಬಿಡುಗಡೆಯಾದ, ತಪ್ಪು ಮಾಡಿದ್ದು ನಿಜವೇ. ಈ ಮಾತನ್ನು ನಾನು ಒಪ್ಪುವುದಿಲ್ಲ. ಉಳಿದ ಅಪರಾಧಗಳಲ್ಲಿ ಗಾಯವೋ ಶವವೋ ಕಳವಾದ ವಸ್ತುವೋ ದೂರುದಾರನೋ ಇರುತ್ತಾರೆ. ಇಲ್ಲಿ ದೂರುದಾರನೂ ಪೊಲೀಸ್, ಸಾಕ್ಷಿಯೂ ಪೊಲೀಸ್, ವಸ್ತುವನ್ನು ಕಾಯುವವನೂ ಪೊಲೀಸ್. ಪಂಚರು ಹೆಚ್ಚಿನ ವೇಳೆ ಪ್ರತಿಕೂಲ ಸಾಕ್ಷಿಗಳಾಗುತ್ತಾರೆ. ಆರೋಪಿಯ ಜೇಬಿನಲ್ಲಿ ಅದು ಇತ್ತು ಎಂದು ಹೇಳುವ ಬಾಯಿ, ಇದ್ದದ್ದು ಇದೇ ಎಂದು ಹೇಳುವ ಬಾಯಿ ಒಂದೇ ಆದಾಗ, ಮೊಹರು, ತೂಕ, ಮಾದರಿ, ಮೂರನೆಯವರ ಹಾಜರಿ ಇವುಗಳೇ ಪುರಾವೆ. ಅವನ್ನು ಕಳೆದರೆ ಉಳಿಯುವುದು ಅಧಿಕಾರಿಯ ಮಾತು ಮಾತ್ರ. ಬರಿಯ ಮಾತಿನ ಮೇಲೆ ಹತ್ತು ವರ್ಷ ಸೆರೆ ವಿಧಿಸಲು ಯಾವ ಸಂಸತ್ತೂ ಅನುಮತಿ ಕೊಟ್ಟಿಲ್ಲ. ಶಿಕ್ಷೆ ಎಷ್ಟು ಕಠಿಣವೋ ವಿಧಾನದ ಪಾಲನೆಯೂ ಅಷ್ಟೇ ಕಠಿಣವಾಗಿರಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿರುವುದು ಸುಮ್ಮನಲ್ಲ.

ಈಗ ಮೇಲ್ಮನವಿಯ ದಾರಿಯನ್ನು ನೋಡೋಣ. ವಿಶೇಷ ನ್ಯಾಯಾಲಯವಾಗಿ ಕೆಲಸ ಮಾಡುವ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದರೆ ಕಾಯಿದೆಯ 36ಬಿ ಕಲಮಿನಂತೆ ಹೈಕೋರ್ಟಿಗೆ ಹೋಗಬೇಕು. ಅವಧಿ 60 ದಿನ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ವಿಧಿಸಿದ ಶಿಕ್ಷೆಯಾದರೆ ಸೆಷನ್ಸ್ ನ್ಯಾಯಾಲಯಕ್ಕೆ, 30 ದಿನದೊಳಗೆ. ತೀರ್ಪಿನ ಪ್ರತಿ ಪಡೆಯಲು ಹಿಡಿದ ಕಾಲವನ್ನು ಬಿಟ್ಟು ಎಣಿಸುತ್ತಾರೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಈ ಮೊದಲ ಮೇಲ್ಮನವಿ ಕೃಪೆಯಲ್ಲ, ಹಕ್ಕು. ಇಲ್ಲಿ ಹೈಕೋರ್ಟು ಕಾನೂನನ್ನಷ್ಟೇ ಅಲ್ಲ, ಇಡೀ ಸಾಕ್ಷ್ಯವನ್ನು ಮತ್ತೊಮ್ಮೆ ತೂಗಿ ನೋಡಬೇಕು. ಸಜಾಬಂದಿಗೆ ತೀರ್ಪಿನ ಪ್ರತಿ ಉಚಿತ. ವಕೀಲರಿಲ್ಲದಿದ್ದರೆ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೂ ಆಯಿತು; ಆತ ಅದನ್ನು ನ್ಯಾಯಾಲಯಕ್ಕೆ ಮುಟ್ಟಿಸಬೇಕು. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ವ್ಯವಸ್ಥೆಯನ್ನು 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಕೇಳದೆ ಉಚಿತ ವಕೀಲರಿಗೆ ಅರ್ಹರು.

ಕಾಗದದ ಮೇಲೆ ಇದಕ್ಕಿಂತ ಉದಾರವಾದ ವ್ಯವಸ್ಥೆ ಬೇಕಿಲ್ಲ. ಅದು ಎಲ್ಲಿ ಸೋರುತ್ತದೆಂಬುದನ್ನು ಅರಿಯಲು ನಮ್ಮ ನಾಡಿಗೂ ನಂಟಿರುವ ಒಂದು ಹಳೆಯ ತೀರ್ಪನ್ನು ನೆನೆಯಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಕಲಿ ಪದವಿ ಪತ್ರ ತಯಾರಿಸಲು ಯತ್ನಿಸಿದ ಆರೋಪದ ಮೇಲೆ ಶಿಕ್ಷೆಗೊಳಗಾದ ಅಧ್ಯಾಪಕನೊಬ್ಬನ ಪ್ರಕರಣ ಅದು. ಹೊಸ್ಕೋಟ್ ಪ್ರಕರಣವೆಂದೇ ಪ್ರಸಿದ್ಧ. ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1973ರಲ್ಲಿ. ಆತ ಸುಪ್ರೀಂ ಕೋರ್ಟಿಗೆ ಬಂದದ್ದು ನಾಲ್ಕು ವರ್ಷಗಳಿಗೂ ಮೀರಿದ ವಿಳಂಬದ ನಂತರ. ತೀರ್ಪಿನ ಪ್ರತಿ ತನಗೆ ತಲುಪಲಿಲ್ಲವೆಂದು ಆತ, ಕೊಟ್ಟಿದ್ದೆವೆಂದು ಜೈಲಿನವರು. ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ. ಆತನ ಶಿಕ್ಷೆಯೇನೂ ರದ್ದಾಗಲಿಲ್ಲ. ಆದರೆ 1978ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸಜಾಬಂದಿಗೆ ತೀರ್ಪಿನ ಪ್ರತಿಯನ್ನು ಸಕಾಲದಲ್ಲಿ ಉಚಿತವಾಗಿ ಮುಟ್ಟಿಸಿ ಲಿಖಿತ ಸ್ವೀಕೃತಿ ಪಡೆಯಬೇಕು, ಬಡ ಸಜಾಬಂದಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬೇಕು ಎಂದು ವಿಧಿಸಿದರು. ಮೇಲ್ಮನವಿಯ ಹಕ್ಕು ಒಂದು ರಸೀದಿಯ ಮೇಲೆ ನಿಂತಿರುತ್ತದೆಂಬುದನ್ನು ಕಚೇರಿಯಲ್ಲಿ ಆವಕ–ಜಾವಕ ವಹಿ ನೋಡಿದವರು ಸುಲಭವಾಗಿ ಅರ್ಥಮಾಡಿಕೊಂಡಾರು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೈದಿಗಳ ಕಾನೂನು ನೆರವಿನ ಬಗ್ಗೆ ಮತ್ತೊಮ್ಮೆ ವಿಸ್ತೃತ ನಿರ್ದೇಶನ ನೀಡಬೇಕಾಗಿ ಬಂದುದನ್ನು ನೋಡಿದರೆ, ನಾಲ್ಕೂವರೆ ದಶಕಗಳಲ್ಲಿ ಎಷ್ಟು ದೂರ ಸಾಗಿದ್ದೇವೆಂದು ಊಹಿಸಬಹುದು.

ಭಾಷೆಯ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರು ಜಿಲ್ಲಾ ಮಟ್ಟದಲ್ಲಿದ್ದಾರೆ, ಅವರಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ಬರೆದ ಐವತ್ತು ಪುಟದ ತೀರ್ಪು ಕೈಗೆ ಬಂದ ಕೃಷಿ ಕಾರ್ಮಿಕನಿಗೆ ತನ್ನ ವಕೀಲರು ಯಾವ ಪ್ರಶ್ನೆ ಕೇಳಲಿಲ್ಲವೆಂಬುದು ತಿಳಿಯುವುದಾದರೂ ಹೇಗೆ? 60 ದಿನ ಎಂಬ ಮಾತೇ ಆತನ ಕಿವಿಗೆ ಬೀಳದಿರಬಹುದು.

ಮೇಲ್ಮನವಿ ದಾಖಲಾಯಿತೆಂದೇ ಇಟ್ಟುಕೊಳ್ಳೋಣ. ಉಳಿದ ಅಪರಾಧಗಳಲ್ಲಿ ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವುದುಂಟು. ಈ ಕಾಯಿದೆಯ 32ಎ ಕಲಂ ಅದನ್ನೂ ನಿಷೇಧಿಸಿತ್ತು. 2000ದಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ಮೇಲ್ಮನವಿ ನ್ಯಾಯಾಲಯದ ಅಧಿಕಾರವನ್ನು ಹೀಗೆ ಕಸಿಯುವುದು ಸಂವಿಧಾನಬಾಹಿರವೆಂದು ಆ ಭಾಗವನ್ನು ತೆಗೆದುಹಾಕಿತು. ಆದರೆ ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ 37ನೇ ಕಲಮಿನ ಷರತ್ತುಗಳು ಉಳಿದವು: ಈತ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣಗಳಿವೆ, ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಶಿಕ್ಷೆಯಾಗಿಯೇ ಬಿಟ್ಟವನ ವಿಷಯದಲ್ಲಿ ಇದನ್ನು ದಾಟುವುದು ಎಷ್ಟು ಕಷ್ಟವೆಂದು ಹೇಳಬೇಕಿಲ್ಲ. ವಿಚಾರಣೆ ವಿಪರೀತ ವಿಳಂಬವಾದಾಗ 37ನೇ ಕಲಂ ಜಾಮೀನಿಗೆ ಅಡ್ಡಿಯಾಗಬಾರದೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತತ್ವ ಮೇಲ್ಮನವಿಯ ವಿಳಂಬಕ್ಕೂ ಧಾರಾಳವಾಗಿ ಅನ್ವಯವಾಗಬೇಕು.

ಏಕೆಂದರೆ ವಿಳಂಬ ಸಾಮಾನ್ಯ ಸಂಗತಿ. ದೇಶದ ಹೈಕೋರ್ಟುಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕ್ರಿಮಿನಲ್ ಮೇಲ್ಮನವಿಗಳು ಬಾಕಿಯಿರುವುದು 2025ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂತು. ನಮ್ಮ ಹೈಕೋರ್ಟಿಗೆ ಮಂಜೂರಾದ ನ್ಯಾಯಮೂರ್ತಿ ಹುದ್ದೆಗಳು 62. ಇಷ್ಟು ಜನ ಮೂರು ಕಡೆ ಕುಳಿತು ಸಿವಿಲ್, ರಿಟ್, ಕ್ರಿಮಿನಲ್ ಎಲ್ಲವನ್ನೂ ನೋಡಬೇಕು. ಹೀಗಿರುವಾಗ ಹತ್ತು ವರ್ಷದ ಶಿಕ್ಷೆಯ ಮೇಲ್ಮನವಿ ಏಳನೆಯ ವರ್ಷದಲ್ಲಿ ವಿಚಾರಣೆಗೆ ಬಂದು ಖುಲಾಸೆಯಾದರೆ ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಕಾಯಿದೆಯಲ್ಲಿ ಪರಿಹಾರದ ಮಾತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗವನ್ನು ಅಲುಗಿಸಿದ ಮಾದಕವಸ್ತು ಪ್ರಕರಣವನ್ನು ಓದುಗರು ಮರೆತಿರಲಾರರು. ಅದರಲ್ಲಿ ಬಂಧಿತರಾಗಿದ್ದ ನಟಿಯೊಬ್ಬರ ಅರ್ಜಿ ಹೈಕೋರ್ಟಿನಲ್ಲಿ ತಿರಸ್ಕೃತವಾಗಿ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜಾಮೀನು ಮಂಜೂರಾಯಿತು. 37ನೇ ಕಲಮಿನ ಅನ್ವಯವೇ ಅಲ್ಲಿ ಪ್ರಶ್ನೆಯಾಗಿತ್ತು. ಮೂರು ಹಂತಗಳನ್ನು ದಾಟಲು ಹಿಡಿದದ್ದು ಐದು ತಿಂಗಳಿಗೂ ಕಡಿಮೆ. ಅದರಲ್ಲಿ ತಪ್ಪೇನಿಲ್ಲ, ನ್ಯಾಯ ಇರಬೇಕಾದ ವೇಗವೇ ಅದು. ಚಿಗಟೇರಿಯ ಕಡೆಯಿಂದ ಹೊರಟವನಿಗೂ ಆ ವೇಗ ಸಿಗಬೇಕೆಂಬುದು ಅತಿಯಾಸೆಯೇ?

ದಂಡದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕನಿಷ್ಠ ಒಂದು ಲಕ್ಷ ಕಟ್ಟದಿದ್ದರೆ ಹೆಚ್ಚುವರಿ ಸೆರೆವಾಸ. ಅಫೀಮಿನ ಪ್ರಕರಣವೊಂದರಲ್ಲಿ ದಂಡ ಕಟ್ಟಲಾರದ್ದಕ್ಕೆ ವಿಧಿಸಿದ್ದ ಮೂರು ವರ್ಷವನ್ನು 2007ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳಿಗೆ ಇಳಿಸಿತು. ಬಡತನಕ್ಕೆ ಶಿಕ್ಷೆ ಆಗಬಾರದೆಂಬ ಕಾಳಜಿ ಅದರ ಹಿಂದಿದೆ. ಖುಲಾಸೆ ಸಾಧ್ಯವಿಲ್ಲದ ಮೇಲ್ಮನವಿಯಲ್ಲೂ ಇಷ್ಟನ್ನು ಕೇಳಬಹುದೆಂದು ಎಷ್ಟು ಜನರಿಗೆ ಗೊತ್ತು?

ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೂ ಈಗಿನ ಏರ್ಪಾಡು ಲಾಭದ್ದಲ್ಲ. ಶಿಕ್ಷೆಯ ಭಯ ಹುಟ್ಟುವುದು ಅದರ ಉದ್ದದಿಂದಲ್ಲ, ಅದು ತಪ್ಪದೆ ಬರುತ್ತದೆಂಬ ಖಾತ್ರಿಯಿಂದ. ಇಟಲಿಯ ಬೆಕಾರಿಯಾ 1764ರಲ್ಲಿಯೇ ಇದನ್ನು ವಾದಿಸಿದ್ದ. ಗಾಂಜಾ ವ್ಯಾಪಾರದಲ್ಲಿ ಲಾಭ ಉಳಿಯುವುದು ಊರಿನ ಹೊರಗೆ, ಅಪಾಯ ಉಳಿಯುವುದು ಹೊಲದಲ್ಲಿ. ಬೀಜ ಕೊಟ್ಟವನು, ಒಣಗಿದ ಸರಕನ್ನು ಕೊಳ್ಳುವವನು, ನಗರದ ಕಾಲೇಜುಗಳ ಬಳಿ ಪೊಟ್ಟಣ ಮಾರುವವನು ಮಹಜರಿನ ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರದಲ್ಲಿರುವವನ ಜಾಗಕ್ಕೆ ಮರುವರ್ಷ ಇನ್ನೊಬ್ಬ ಸಾಲಗಾರ ಬರುತ್ತಾನೆ. ಒಬ್ಬನನ್ನು ಹತ್ತು ವರ್ಷ ಸಾಕುವ ಖರ್ಚು ಸರ್ಕಾರದ್ದು, ದುಡಿಯುವ ಕೈ ಕಳೆದುಕೊಂಡ ಖರ್ಚು ಸಂಸಾರದ್ದು. ಕಳಪೆ ತನಿಖೆಯಿಂದ ನಿಜವಾದ ದಂಧೆಕೋರನೂ ಹೊರಬರುತ್ತಾನೆ, ನಿರಪರಾಧಿಯೂ ಒಳಗುಳಿಯುತ್ತಾನೆ. ಎರಡೂ ಒಂದೇ ಲೋಪದ ಎರಡು ಬಾಬ್ತುಗಳು.

ಮಕ್ಕಳನ್ನು ವ್ಯಸನಕ್ಕೆ ಕಳೆದುಕೊಂಡ ತಂದೆತಾಯಂದಿರು ಈ ಲೇಖನವನ್ನು ಓದಿ ಕೋಪಗೊಳ್ಳಬಹುದು. ಅವರ ನೋವು ದೊಡ್ಡದು. ದಂಧೆ ನಡೆಸುವವರಿಗೆ ರಿಯಾಯಿತಿ ಬೇಕೆಂದು ನಾನು ವಾದಿಸುತ್ತಿಲ್ಲ. ಅವರ ಮಕ್ಕಳ ಕೈಗೆ ಪೊಟ್ಟಣ ಕೊಟ್ಟವನಿಗೆ ಆದ ಶಿಕ್ಷೆ ಹೈಕೋರ್ಟಿನಲ್ಲಿ ಉಳಿಯಬೇಕಾದರೆ ತಕ್ಕಡಿ, ಮೊಹರು, ಮಾದರಿ ಎಲ್ಲವೂ ಮೊದಲ ದಿನವೇ ನೆಟ್ಟಗಿರಬೇಕೆನ್ನುತ್ತಿದ್ದೇನೆ.

ಮಾಡಬೇಕಾದದ್ದಕ್ಕೆ ಹೊಸ ಕಾನೂನು ಬೇಡ. ಗಿಡದ ತುದಿಗಳನ್ನು ಬೇರ್ಪಡಿಸಿ ಬೇರೆಯಾಗಿ ತೂಗಿ ಮಹಜರಿನಲ್ಲಿ ದಾಖಲಿಸುವಂತೆ ಪೊಲೀಸ್ ಮತ್ತು ಅಬಕಾರಿ ಇಲಾಖೆಗಳು ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ವ್ಯಾಜ್ಯ ಕಡಿಮೆಯಾದೀತು. ಹೊಲದ ಪ್ರಕರಣದಲ್ಲಿ ಪಹಣಿಯ ಜೊತೆಗೆ ವಾಸ್ತವ ಸಾಗುವಳಿಯ ಸ್ಥಳತನಿಖಾ ವರದಿಯನ್ನೂ ತಹಶೀಲ್ದಾರರಿಂದ ಪಡೆಯಲಿ. ಶಿಕ್ಷೆ ಪ್ರಕಟಿಸಿದ ದಿನವೇ ನ್ಯಾಯಾಧೀಶರು ಕನ್ನಡದಲ್ಲಿ ಮೇಲ್ಮನವಿಯ ಹಕ್ಕು, ಅವಧಿ, ಉಚಿತ ವಕೀಲರ ವಿಷಯ ತಿಳಿಸಿ, ಆತನ ಉತ್ತರವನ್ನು ದಾಖಲಿಸಲಿ. ಜೈಲಿಗೆ ಭೇಟಿ ಕೊಡುವ ಕಾನೂನು ಸ್ವಯಂಸೇವಕರು ಪ್ರತಿ ಹೊಸ ಸಜಾಬಂದಿಯ ಅರವತ್ತನೆಯ ದಿನ ಯಾವುದೆಂದು ವಹಿಯಲ್ಲಿ ಬರೆದಿಡಲಿ. ಜೈಲಿನಲ್ಲಿರುವವರ ಮೇಲ್ಮನವಿಗಳಲ್ಲಿ, ಕನಿಷ್ಠ ಪಕ್ಷ ಶಿಕ್ಷೆಯ ಅರ್ಧ ಕಳೆದವರವನ್ನು, ಪ್ರತ್ಯೇಕ ಪಟ್ಟಿ ಮಾಡಿ ವಾರದ ಒಂದು ನಿಗದಿತ ದಿನ ಕೈಗೆತ್ತಿಕೊಳ್ಳುವುದು ಹೈಕೋರ್ಟಿನ ಆಡಳಿತಕ್ಕೆ ಅಸಾಧ್ಯವೇನಲ್ಲ. ಜಿಲ್ಲೆಯ ಗಡಿ ಬದಲಾದ ಹರಪನಹಳ್ಳಿಯಂಥ ತಾಲ್ಲೂಕುಗಳ ಹಳೆಯ ಪ್ರಕರಣಗಳಲ್ಲಿ ಮೂಲ ದಾಖಲೆಗಳು ಯಾವ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿವೆ ಎಂಬುದನ್ನು ಈಗಲೇ ಗುರುತಿಸಿಟ್ಟರೆ, ವಿಚಾರಣೆಯ ದಿನ ಕಡತ ಬಂದಿಲ್ಲವೆಂಬ ಕಾರಣಕ್ಕೆ ಮುಂದೂಡಿಕೆ ಆಗುವುದು ತಪ್ಪುತ್ತದೆ.

ಇನ್ನೊಂದು ಸಣ್ಣ ಕೋರಿಕೆ. ಹೈಕೋರ್ಟಿನ ಕಾನೂನು ಸೇವೆಗಳ ಸಮಿತಿಯು ಪ್ರತಿ ಮೂರು ತಿಂಗಳಿಗೊಮ್ಮೆ, ಯಾವ ಜೈಲಿನಿಂದ ಎಷ್ಟು ಮೇಲ್ಮನವಿಗಳು ಬಂದವು, ಅರ್ಜಿ ಬಂದ ದಿನದಿಂದ ವಕೀಲರ ನೇಮಕಕ್ಕೆ ಎಷ್ಟು ದಿನ ಹಿಡಿಯಿತು, ಮೊದಲ ವಿಚಾರಣೆಗೆ ಎಷ್ಟು ದಿನವಾಯಿತು ಎಂಬ ಮೂರು ಅಂಕಣಗಳ ತಖ್ತೆಯನ್ನು ಕನ್ನಡದಲ್ಲಿ ಪ್ರಕಟಿಸಲಿ. ಅದರ ಒಂದು ಪ್ರತಿ ಪ್ರತಿ ಜೈಲಿನ ಸೂಚನಾಫಲಕದಲ್ಲಿಯೂ ಇರಲಿ.